ಬಾಗಿಲಿನಿಂದ ಸಾರಿಸಿದ ಪಾರುಪತ್ಯಗಾರ

“ನೆಲ ಸಾರಿಸುವುದೂ ಒಂದು ವಿದ್ಯೆಯೇ? ಕೈ ಇದ್ದವರೆಲ್ಲ ಮಾಡುತ್ತಾರೆ,” ಎಂದು ಅರಮನೆಯ ಪಾರುಪತ್ಯಗಾರ ಅಚ್ಯುತಪ್ಪ ಬೆಳಿಗ್ಗೆ ಬೆಳಿಗ್ಗೆಯೇ ಜಂಬ ಕೊಚ್ಚಿಕೊಂಡ. ಆಗಷ್ಟೇ ಅವನು ಹನ್ನೆರಡು ಹೆಂಗಸರನ್ನು ಕೆಲಸದಿಂದ ತೆಗೆದುಹಾಕಿದ್ದ.

ಹೊಳೆಯಾಚೆಯಿಂದ ಹೊಟ್ಟೆಪಾಡಿಗೆ ಬಂದು ಅರಮನೆಯ ಕಸ ಗುಡಿಸಿ, ನೆಲ ಸಾರಿಸಿಕೊಂಡಿದ್ದವರು ಅವರು. ಅವರಲ್ಲಿ ಹುಲಿಗೆವ್ವ ಹೆತ್ತು ಎಂಟು ದಿನವಾಗಿತ್ತು. ಅಚ್ಯುತಪ್ಪ ಅವಳಿಗೂ ಕೆಲಸಕ್ಕೆ ಬರಹೇಳಿದ್ದ.

“ಬಾಣಂತಿ ಅದಾಳ್ರೀ. ಆಕಿ ಪಾಲಿಂದು ನಾವು ಹನ್ನೊಂದು ಮಂದಿ ಮಾಡ್ತೀವಿ,” ಎಂದಳು ಅವರ ಪೈಕಿ ಹಿರಿಯಳಾದ ಯಂಕವ್ವ.

“ಅದನ್ನು ಹೇಳೋಕೆ ನೀನ್ಯಾರು? ಹೊತ್ತು ಮುಳುಗೋದರೊಳಗೆ ಹನ್ನೆರಡೂ ಜನ ಕೋಟೆ ಬಿಟ್ಟು ತೊಲಗಿ.”

ಸುದ್ದಿ ಅಡುಗೆಮನೆಗೆ ಹೋಯಿತು, ಒಲೆ ಹತ್ತಲಿಲ್ಲ. ಆನೆಲಾಯಕ್ಕೆ ಹೋಯಿತು, ಮಾವುತರು ಅಂಕುಶ ಕೆಳಗಿಟ್ಟರು. ಪಲ್ಲಕ್ಕಿ ಹೊರುವವರಂತೂ ರಾಜ ವೀರಮಲ್ಲನಾಯಕನನ್ನು ನಡುಬೀದಿಯಲ್ಲೇ ಇಳಿಸಿ, “ತಪ್ಪಾಯ್ತು ಬುದ್ಧಿ. ಆ ಹೆಣ್ಮಕ್ಕಳು ಒಳಗೆ ಬರೋವರೆಗೂ ನಮ್ಮ ಹೆಗಲು ಏಳಲ್ಲ,” ಎಂದು ಕೈಮುಗಿದರು.

ಪಟ್ಟವಾದ ಮೇಲೆ ಮೊದಲ ಸಲ ರಾಜ ಸ್ವಂತ ಕಾಲಿನಲ್ಲಿ ಮನೆ ಸೇರಿದ. ಅಂದು ಸೋಮವಾರ, ಬಂದು ನೋಡಿದರೆ ಚಾವಡಿ ಸಾರಿಸಿಲ್ಲ. ಸೋಮವಾರದ ಓಲಗಕ್ಕೆ ಮುಂಚೆ ಚಾವಡಿಯ ಮಣ್ಣುನೆಲಕ್ಕೆ ಸಗಣಿ ಸಾರಿಸಬೇಕು, ಒಣಗುವ ತನಕ ಯಾರೂ ಅದನ್ನು ತುಳಿಯಕೂಡದು ಎಂಬುದು ಆ ಮನೆತನದ ಕಟ್ಟಳೆ. ತುಳಿದವರಿಗೆ ಗಡೀಪಾರು.

“ಇದೇನಿದು?” ಎಂದು ರಾಜ ಗುಡುಗಿದ.

“ನಾಳೆ ಬೇರೆಯವರು ಬರುತ್ತಾರೆ, ಪ್ರಭು,” ಎಂದ ಅಚ್ಯುತಪ್ಪ.

ಆಸ್ಥಾನದ ವಿದೂಷಕ ಕೋನೇರಿ ಅಲ್ಲೇ ನಿಂತಿದ್ದ. ಕೋಟೆಬಾಗಿಲ ಬಳಿ ಗಂಟುಮೂಟೆ ಕಟ್ಟಿಕೊಂಡು ಕುಳಿತ ಹೆಂಗಸರನ್ನೂ, ಸೆರಗಿನ ಮರೆಯಲ್ಲಿದ್ದ ಕೂಸನ್ನೂ ಅವನು ನೋಡಿ ಬಂದಿದ್ದ. ಆದರೂ ಹಲ್ಲು ಕಿರಿಯುವುದೇ ಅವನ ಕಸುಬು, ಕಿರಿದ.

“ನಾಳೆ ಯಾಕೆ ಪ್ರಭು? ಕೈ ಇದ್ದವರೆಲ್ಲ ಸಾರಿಸಬಹುದು ಅಂತ ಪಾರುಪತ್ಯಗಾರರೇ ಅಪ್ಪಣೆ ಕೊಡಿಸಿದ್ದಾರೆ. ಅವರಿಗೆ ಎರಡು ಕೈಗಳಿವೆ, ನಾನು ಎಣಿಸಿದ್ದೇನೆ. ಅವರೇ ಸಾರಿಸಿ, ಕಟ್ಟಳೆ ಮುರಿಯದೆ ಬಾಗಿಲಿಗೆ ಬಂದು ತಮಗೆ ಕೈಮುಗಿದರೆ ಆ ಹೆಂಗಸರು ಹೊರಡಲಿ. ನಾನೂ ಅವರ ಜೊತೆ ಹೊರಡುತ್ತೇನೆ.”

ಕೋನೇರಿಯ ಕಾಟ ತಪ್ಪುತ್ತದೆ ಎಂದು ಅಚ್ಯುತಪ್ಪನಿಗೆ ಒಳಗೊಳಗೇ ಖುಷಿ. “ಒಂದು ಗಳಿಗೆ ಸಾಕು!” ಎಂದು ಕಚ್ಚೆ ಬಿಗಿದ.

ಕೋನೇರಿ ಭಯಭಕ್ತಿಯಿಂದ ಸಗಣಿ ಬುಟ್ಟಿಯನ್ನೂ ನೀರಿನ ಕೊಡವನ್ನೂ ತಂದುಕೊಟ್ಟ. ರಾಜ ಹೊರಗಿನ ಜಗಲಿಯಲ್ಲಿ ಕುಳಿತ. ಅಡುಗೆಯವರು, ಮಾವುತರು ಕಿಟಕಿಗೆ ಮುತ್ತಿಕೊಂಡರು.

ಪಾರುಪತ್ಯಗಾರ ಬಾಗಿಲ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತು ಶುರುಮಾಡಿದ. ಸಾರಿಸುತ್ತ ಸಾರಿಸುತ್ತ ಒಳಗೊಳಗೆ ಹೋದ. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಅವನು ಗೋಡೆಯಿಂದ ಗೋಡೆಗೆ ಬಳಿದು, ರಾಜನ ಗದ್ದಿಗೆಯ ಬುಡ ಮುಟ್ಟಿ, ಸೊಂಟ ಹಿಡಿದುಕೊಂಡು ಎದ್ದು ನಿಂತ.

“ಆಯಿತು, ಪ್ರಭು!”

“ಭಲೆ. ಬಂದು ಕೈಮುಗಿಯಿರಿ,” ಎಂದ ಕೋನೇರಿ.

ಅಚ್ಯುತಪ್ಪ ಹಿಂದಿರುಗಿ ನೋಡಿದ. ಬಾಗಿಲ ತನಕ ಹಸಿ ನೆಲ. ಕಾಲಿಟ್ಟರೆ ಗಡೀಪಾರು. ಹಿಂದೆ ಗದ್ದಿಗೆ, ಅದನ್ನು ಹತ್ತಿದರೆ ತಲೆಯೇ ಹೋಗುತ್ತದೆ. ಸಗಣಿ ಕೈಗಳನ್ನು ಎತ್ತಿ ಹಿಡಿದು, ಒಂದಡಿ ಒಣನೆಲದಲ್ಲಿ ಮೈಯೆಲ್ಲ ಹಿಡಿಯಾಗಿ ನಿಂತುಬಿಟ್ಟ.

ರಾಜನಿಗೆ ನಗು ತಡೆಯಲಾಗಲಿಲ್ಲ. ಹಸಿದ ಹೊಟ್ಟೆ ಹಿಡಿದುಕೊಂಡು ನಕ್ಕು, ಯಂಕವ್ವನನ್ನು ಕರೆಸಿದ. “ನೀನು ಕೆಲಸಕ್ಕೆ ಬಾರಮ್ಮ.”

“ನಾ ಒಬ್ಬಾಕಿನೇ ಬರಂಗಿಲ್ರೀ ಬುದ್ಧಿ. ಕೂಡಿ ಹೊರಗ ಹೋದವರು, ಕೂಡೇ ಒಳಗ ಬರ್ತೀವಿ. ಹುಲಿಗೆವ್ವ ಮಾತ್ರ ಮೂರು ತಿಂಗಳು ಬರಂಗಿಲ್ಲ.”

ರಾಜ ಕಿಟಕಿಯತ್ತ ನೋಡಿದ. ಅಡುಗೆಯವರೂ ಮಾವುತರೂ ಅವನ ಬಾಯನ್ನೇ ನೋಡುತ್ತಿದ್ದರು. “ಆಗಲಿ ತಾಯಿ, ಹಾಗೇ ಆಗಲಿ. ಮೊದಲು ಒಲೆ ಹತ್ತಿಸಲು ಹೇಳು.”

“ಇವರನ್ನ ಏನು ಮಾಡೂದ್ರೀ?” ಎಂದಳು ಯಂಕವ್ವ, ಒಳಗಿದ್ದವನನ್ನು ತೋರಿಸಿ.

“ಒಣಗಲಿ,” ಎಂದ ರಾಜ. ಆಮೇಲೆ ತನ್ನ ಕೊರಳಿನ ಹಾರ ತೆಗೆದು ಕೋನೇರಿಗೆ ಹಾಕುತ್ತ ಕೇಳಿದ, “ಮೂಲೆಯಿಂದ ಶುರುಮಾಡಿ ಬಾಗಿಲಿಗೆ ಬರಬೇಕು ಅನ್ನುವುದು ಇವನಿಗೆ ಹೊಳೆಯುವುದಿಲ್ಲ ಅಂತ ನಿನಗೆ ಹೇಗೆ ಗೊತ್ತಾಯಿತು?”

“ಇಪ್ಪತ್ತು ವರ್ಷದಿಂದ ಬಾಗಿಲಲ್ಲಿ ನಿಂತು ಜನರನ್ನು ಹೊರಗೆ ಹಾಕುತ್ತಿದ್ದಾರೆ, ಪ್ರಭು,” ಎಂದ ಕೋನೇರಿ. “ತಾವೂ ಒಂದು ದಿನ ಹೊರಗೆ ಬರಬೇಕಾದೀತು ಅಂತ ಅವರು ಯಾವತ್ತೂ ಯೋಚಿಸಿದವರಲ್ಲ.”