ಕ್ಯಾಮೆರಾ ಮೊದಲು ಕಂಡದ್ದು

ನಫೀಸಾ ಕೊಂಡ ಮೊದಲ ಡಿಎಸ್ಎಲ್ಆರ್ ಕ್ಯಾಮೆರಾಗೆ ಲೆನ್ಸ್ ಇರಲಿಲ್ಲ. ಅದು ಲೋಕವನ್ನೇ ಕಂಡಿರಲಿಲ್ಲ. ಅಂಗಡಿಯಲ್ಲಿ ಉದ್ದನೆಯ ಲೆನ್ಸೊಂದು ಗತ್ತಿನಿಂದ, "ನಾನು ಕೆರೆಯ ಆಚೆ ದಡದ ಕೊಕ್ಕರೆಯ ಗರಿ ಎಣಿಸಬಲ್ಲೆ," ಎಂದಿತು.

"ಎದುರಿಗೆ ನಿಂತವರು ಕಾಣುತ್ತಾರೆಯೇ?" ಕ್ಯಾಮೆರಾ ಅಳುಕುತ್ತಾ ಕೇಳಿತು.

"ಹತ್ತಿರದವರನ್ನು ನೋಡುವುದು ನನ್ನ ಘನತೆಗೆ ತಕ್ಕುದಲ್ಲ."

ನಫೀಸಾ ಅದನ್ನೇ ಜೋಡಿಸಿ ಜೊತೆಗೆ ಬಂದು ಪಕ್ಕದಲ್ಲೇ ನಿಂತಿದ್ದ ತನ್ನ ಅಜ್ಜಿಯತ್ತ ಹಿಡಿದಳು. ಬರೀ ಮಂಜು. ತನ್ನ ಬಾಳೆಲ್ಲ ಇಷ್ಟೇ ಏನೋ ಎಂದುಕೊಂಡಿತು ಕ್ಯಾಮೆರಾ.

ಆಗ ಕೈಗೆಟುಕುವ ಬೆಲೆಯ ಗಿಡ್ಡ ಜೂಮ್ ಲೆನ್ಸ್ ಹೇಳಿತು: "ಗರಿ ಎಣಿಸುವ ಶಕ್ತಿ ನನಗಿಲ್ಲ. ಆದರೆ ಕೊಕ್ಕರೆಯನ್ನೂ ತೋರಿಸುತ್ತೇನೆ, ಅಜ್ಜಿಯನ್ನೂ ತೋರಿಸುತ್ತೇನೆ."

ನಫೀಸಾ ಅದನ್ನು ಜೋಡಿಸಿ ಮೆಲ್ಲನೆ ತಿರುವಿದಳು. ಮಂಜು ಸರಿದು ಅಜ್ಜಿಯ ಬೊಚ್ಚುಬಾಯಿಯ ನಗು ಸ್ಪಷ್ಟವಾಯಿತು. "ಇದೇ ಸಾಕು," ಎಂದಳು ನಫೀಸಾ.

ಕ್ಯಾಮೆರಾ ನಿರಾಳವಾಗಿ ಉಸಿರುಬಿಟ್ಟು, "ಲೋಕ ಇಷ್ಟು ಚೆನ್ನಾಗಿದೆಯೇ!" ಎಂದಿತು.