ನೊಗದ ಗಂಟು

"ಗುರುಗಳೇ, ನನ್ನ ತಮ್ಮನಿಗೆ ಏನು ಬುದ್ಧಿ ಹೇಳಲಿ?" ಎಂದು ಶಿಷ್ಯ ಸಂಗಯ್ಯ ಕೇಳಿದ. "ಇನ್ನೂ ಮೀಸೆ ಮೂಡುವ ವಯಸ್ಸು. ನಾನು ಮಠಕ್ಕೆ ಬಂದಾಗಿನಿಂದ ಹೊಲ, ಮನೆ, ತಾಯಿ ಎಲ್ಲ ಅವನ ಪಾಲಿಗೇ. ಈಗ ಮೂಲೆ ಹಿಡಿದಿದ್ದಾನಂತೆ. ಊಟ ಸೇರದು, ನಿದ್ದೆ ಹತ್ತದು. ತಾವೊಂದು ಒಳ್ಳೆಯ ಮಾತು ಕೊಟ್ಟರೆ ಹೇಳಿ ಕಳಿಸುತ್ತೇನೆ."

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬನೇ ಮಗ. ಹೇಳುವ ಮೊದಲೇ ಕೆಲಸ ಮುಗಿಸುವ ಹುಡುಗ; ಹಾಗಾಗಿ ಎಲ್ಲ ಕೆಲಸವೂ ಅವನ ತಲೆಗೇ ಬರುತ್ತಿತ್ತು. ಒಂದು ಮುಂಗಾರಿನಲ್ಲಿ ಅವನು ಮಾತು ಕಡಿಮೆ ಮಾಡಿದ. ಆಮೇಲೆ ಊಟ. ಕಡೆಗೆ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ.

"ನಾಲ್ಕು ಬಿಗಿ, ತಾನಾಗಿ ಏಳುತ್ತಾನೆ" ಎಂದರು ನೆರೆಯವರು. "ಮದುವೆ ಮಾಡು, ಸರಿಹೋಗುತ್ತಾನೆ. ಅಲ್ಲಿಯವರೆಗೆ ಬಿದ್ದುಕೊಂಡಿರಲಿ" ಎಂದರು ನೆಂಟರು. ರೈತ ಬೈದು ನೋಡಿದ. ಆಮೇಲೆ ಕೈಚೆಲ್ಲಿದ.

ಒಂದು ಸಂಜೆ ಮಗ ತಾಯಿಗೆ, "ನಾನಿಲ್ಲದಿದ್ದರೆ ನಿಮಗೆ ಒಂದು ಹೊರೆ ಇಳಿಯುತ್ತಿತ್ತು" ಎಂದ. ಬಾಗಿಲಲ್ಲಿದ್ದ ರೈತನ ಕಿವಿಗೆ ಆ ಮಾತು ಬಿತ್ತು.

ಮರುದಿನ ಅವನು ಬಲಿತ ಎತ್ತಿನ ಜೊತೆಗೆ ಎಳೆಯ ಹೋರಿಯನ್ನು ನೊಗಕ್ಕೆ ಹೂಡಿದ್ದ. ನಡುಸಾಲಿನಲ್ಲಿ ಹೋರಿ ಮಂಡಿಯೂರಿತು.

"ಬಾರುಕೋಲನ್ನು ಪೂಜೆಗಿಟ್ಟುಕೊಂಡಿದ್ದೀಯೇನಯ್ಯಾ?" ಎಂದು ಬದುವಿನಿಂದ ಒಬ್ಬ ಕೂಗಿದ.

ರೈತ ಬಾರುಕೋಲು ಎತ್ತಲಿಲ್ಲ. ನೊಗ ಬಿಚ್ಚಿ ಕೊಟ್ಟಿಗೆಗೂ ಅಟ್ಟಲಿಲ್ಲ. ನಡುಸಾಲಿನಿಂದ ಮನೆಗೆ ಹೋದ ಹೋರಿ ಮತ್ತೆ ನೊಗಕ್ಕೆ ಹೆದರುತ್ತದೆ. ನೊಗದ ನಡುವೆ ನೇಗಿಲು ಕಟ್ಟಿದ ಹಗ್ಗದ ಗಂಟನ್ನು ಸಡಿಲಿಸಿ, ಬಲಿತ ಎತ್ತಿನ ಕಡೆಗೆ ಗೇಣುದ್ದ ಸರಿಸಿದ. ಹೆಚ್ಚಿನ ಭಾರ ಅದರ ಹೆಗಲಿಗೆ ವಾಲಿತು. ಹೋರಿ ಎದ್ದು ನಿಂತಿತು.

ಗಂಟಿನ ಮೇಲಿದ್ದ ಅವನ ಕೈ ಹಾಗೆಯೇ ಉಳಿಯಿತು. 'ಹೋರಿಗೆ ಮಾಡಲು ತಿಳಿದದ್ದು ಮಗನಿಗೆ ಮಾಡಲು ತೋಚಲಿಲ್ಲವಲ್ಲ, ಶಿವನೇ' ಎಂದುಕೊಂಡ.

ಮನೆಗೆ ಬಂದು ಹಾಸಿಗೆಯ ಪಕ್ಕ ಕುಳಿತ. "ನೀನು ಹೊರೆಯಲ್ಲಪ್ಪ. ನಿನ್ನ ಮೇಲಿದ್ದ ಹೊರೆ ನನಗೆ ಕಾಣಲಿಲ್ಲ" ಎಂದ. ಮಗ ಗೋಡೆಯ ಕಡೆಗೆ ಹೊರಳಿದ. ತಂದೆ ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಹುಡುಗ ಅತ್ತ.

ಅಂದಿನಿಂದ ರೈತ ಮಗನನ್ನು ವೈದ್ಯರ ಬಳಿಗೆ ಕರೆದೊಯ್ದು, ಅವರು ಕರೆದಾಗಲೆಲ್ಲ ಜೊತೆಗೆ ಹೋಗಿ ಕೂತ. ಹೊಲಕ್ಕೂ ಕರೆದುಕೊಂಡು ಹೋದ. ಬೀಜದ ಚೀಲವಷ್ಟೇ ಮಗನ ಕೈಗೆ. ಉಳಿದದ್ದೆಲ್ಲ ತನ್ನ ಮೈಗೆ.

"ಅಪ್ಪ ದುಡಿಯುತ್ತಾನೆ, ಮಗ ನೋಡುತ್ತಾನೆ" ಎಂದು ಊರು ನಕ್ಕಿತು.

"ನೋಡುವುದಕ್ಕಾದರೂ ಬಂದನಲ್ಲ, ನನಗೆ ಅಷ್ಟೇ ಹಬ್ಬ" ಎಂದು ರೈತನೂ ನಕ್ಕ.

ಬರಬರುತ್ತಾ ಅವನು ಗಂಟನ್ನು ಬೆರಳು ಬೆರಳಷ್ಟೇ ಹಿಂದಕ್ಕೆ ತಂದ, ಹೋರಿಗೂ ಮಗನಿಗೂ. ಅದು ನಡುವಿಗೆ ಬಂದು ನಿಂತದ್ದು ಯಾವಾಗ ಎಂದು ಅಪ್ಪ ಮಗ ಇಬ್ಬರಿಗೂ ನೆನಪಿಲ್ಲ.

"ಅಂಥ ತಂದೆಗೆ ನಾನು ಕೂತಲ್ಲಿಂದಲೇ ಕೈಮುಗಿಯುತ್ತೇನೆ" ಎಂದು ಗುರುಗಳು ಕತೆ ಮುಗಿಸಿದರು.

ಸಂಗಯ್ಯನ ಕಣ್ಣು ಒದ್ದೆಯಾಗಿತ್ತು. "ದೊಡ್ಡ ಮಾತು, ಗುರುಗಳೇ. ಈ ಕತೆಯನ್ನೇ ತಮ್ಮನಿಗೆ ಹೇಳಿ ಕಳಿಸಲೇ?"

"ಕಳಿಸು ಸಂಗಯ್ಯ; ಆದರೆ ನೀನು ಎದ್ದು ಬಂದ ಮೇಲೆ ಆ ನೊಗದ ಇನ್ನೊಂದು ತುದಿಗೆ ಯಾರಿದ್ದಾರೆ?"