ಅಕ್ಕನ ಗಡಿಗೆ

ಹಿಂದಕ್ಕೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲಕ್ಕೆ, ಹೊಳೆಸಾಲಿನ ಒಂದೂರಲ್ಲಿ ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಇಬ್ಬರು ನೆಗೆಣ್ಣಿಯರಿದ್ದರಂತೆ. ಹಿರಿಯಾಕೆ ನೀಲವ್ವ, ಕಿರಿಯಾಕೆ ಸಂಕವ್ವ. ಊರಲ್ಲಿ ಯಾರಿಗೆ ಜ್ವರ ಬಂದರೂ ನೀಲವ್ವನ ಕಷಾಯವೇ ಆಗಬೇಕು. ಶುಂಠಿ, ಮೆಣಸು, ಅಂಗೈಯಷ್ಟು ಬೆಲ್ಲ. ಅದನ್ನು ಕುಡಿದು ಹೆಣ ಎದ್ದು ಕೂತಿತ್ತಂತೆ. ಕೂತಿದ್ದನ್ನು ಕಂಡವರು ಯಾರೂ ಇಲ್ಲ, ಬಿಡಿ.

ಸಂಕವ್ವ ಮದ್ದು ಅರೆದವಳಲ್ಲ, ಇರುವೆ ನೋಡುವವಳು. ಯಾರ ಉಚ್ಚೆಗೆ ಇರುವೆ ಮುತ್ತುತ್ತದೋ ಅವರ ಮೈಯಲ್ಲಿ ಸಿಹಿ ತುಂಬಿದೆ, ಬೆಲ್ಲ ಬಿಡಿಸಿ ಅನ್ನುತ್ತಿದ್ದಳಂತೆ. ಮೊದಲು ಜನ ನಕ್ಕರು. ಆಮೇಲೆ ಅವಳ ಮಾತು ಕೇಳಿದವರ ಕಾಲಿನ ಹುಣ್ಣು ಮಾಯತೊಡಗಿತು. ಜನ ನೀಲವ್ವನ ಪಡಸಾಲೆ ದಾಟಿ ಹಿತ್ತಲಿಗೆ, ಸಂಕವ್ವನ ಹತ್ತಿರ ಹೋಗತೊಡಗಿದರು. ನೀಲವ್ವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಸುಟ್ಟಂತಾಯಿತು. "ಇವತ್ತು ಇರುವಿ ನಾಡಿ ಹಿಡದಾವು, ನಾಳೆ ಸೊಳ್ಳಿ ಮದ್ದು ಕೊಡತಾವು" ಅಂತ ಬಾವಿಕಟ್ಟೆಯಲ್ಲಿ ಆಡಿಕೊಂಡಳಂತೆ.

ಒಂದು ಬೆಳಿಗ್ಗೆ ತನ್ನ ಬಚ್ಚಲ ಕಲ್ಲಿಗೇ ಇರುವೆ ಮುತ್ತಿದ್ದನ್ನು ನೀಲವ್ವ ಕಂಡಳು. ಹೇಳಿದರೆ ಕಿರಿಯಾಕೆಯ ಮುಂದೆ ತಲೆ ಬಾಗಿಸಬೇಕಲ್ಲ? ದಿನಾ ಎದ್ದವಳೇ ನೀರು ಸುರಿದು ಬೂದಿ ಚೆಲ್ಲತೊಡಗಿದಳು.

ಆಗ ಊರಿಂದ ಊರಿಗೆ ಹಾರುವ ಒಂದು ದೊಡ್ಡ ಜ್ವರ ಬಂತಂತೆ. ಗಾಳಿ ಎಲ್ಲ ಕಂಬಕ್ಕೂ ಬೀಸುತ್ತದೆ, ಗೆದ್ದಲು ತಿಂದ ಕಂಬ ಮೊದಲು ಬೀಳುತ್ತದೆ ಅಂದಳಂತೆ ಸಂಕವ್ವ. ಇರುವೆ ಮುತ್ತುವವರನ್ನು ಒಳಗಿಡಿ, ಜ್ವರ ಬಂದರೆ ಬೆಲ್ಲ ಬೇಡ, ಉಪ್ಪಿನ ಗಂಜಿ ಕುಡಿಸಿ ಅಂತ ಮನೆಮನೆಗೆ ಹೇಳಿಸಿದಳು.

ನನ್ನ ಕಷಾಯದ ಗಡಿಗೆಗೇ ಕೈ ಹಾಕಿದಳು ಅಂತ ನೀಲವ್ವ ಕುದ್ದಳು. ಜ್ವರದ ಮನೆಗಳಿಗೆ ತಾನೇ ಕಷಾಯ ಹೊತ್ತಳು, ಎಲ್ಲರೆದುರು ಎರಡೆರಡು ಬಟ್ಟಲು ತಾನೂ ಕುಡಿದಳು. ಐದನೇ ದಿನಕ್ಕೆ ಜ್ವರ ಏರಿ ಬಿದ್ದಳು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು, ಏದುಸಿರು ಬರುತ್ತಿತ್ತು, ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬಂದಿತ್ತಂತೆ.

ಸಂಕವ್ವ ಗಂಜಿ ತಂದರೆ ನೀಲವ್ವ ಗೋಡೆಯ ಕಡೆ ಹೊರಳಿದಳು. ನಿನ್ನ ಕೈಯಲ್ಲಿ ಬದುಕುವುದಕ್ಕಿಂತ ನನ್ನ ಕಷಾಯ ಕುಡಿದು ಸಾಯುತ್ತೇನೆ ಅಂದಳು. ಸಂಕವ್ವ ಎಲ್ಲರನ್ನೂ ಹೊರಗೆ ಕಳಿಸಿ ಕದ ಮುಂದೆ ಮಾಡಿದಳು.

"ಯಕ್ಕಾ, ನೀ ಬೂದಿ ಚೆಲ್ಲಿದ್ದು ಕಲ್ಲಿನ ಮ್ಯಾಲ. ಇರುವಿ ಗ್ವಾಡಿ ಹಿಂದಿನ ಮೋರಿಗೆ ಬರತಾವು. ಮಳಿಗಾಲದಿಂದ ಗೊತ್ತೈತಿ ನನಗ. ಯಾರ ಮುಂದೂ ಅಂದಿಲ್ಲ. ಗಂಜಿ ನಿನ್ನ ಗಡಿಗ್ಯಾಗ ಕಾಸೀನಿ, ಇದು ನಿನ್ನ ಮದ್ದು ಅಂತನ ಊರಿಗೆ ಹೇಳತೀನಿ. ಕುಡಿ."

ನೀಲವ್ವ ಕುಡಿದಳು. ಇಪ್ಪತ್ತು ದಿನ ಆಚೆ ಈಚೆ ತೂಗಿ ಎದ್ದಳಂತೆ. ಹೊಟ್ಟೆಕಿಚ್ಚು ಆರಿತೇ? ಎಲ್ಲಿಯದು. ಗುಟ್ಟು ಮುಚ್ಚಿಡುವುದರಲ್ಲೂ ನನ್ನನ್ನು ಮೀರಿಸಿದಳಲ್ಲ ಅಂತ ಒಂದು ವಾರ ಉಣ್ಣಲಿಲ್ಲವಂತೆ. ಆದರೆ ಒಲೆಯ ಮೇಲೆ ಎರಡನೇ ಗಡಿಗೆ ಇಟ್ಟಳು, ಬೆಲ್ಲವಿಲ್ಲದ್ದು, ಉಪ್ಪಿನ ಗಂಜಿಯದು. ಮುಪ್ಪಾದ ಮೇಲೆ, ಸಂಕವ್ವ ಮಣ್ಣಾದ ದಿನ, ಬೂದಿಯ ಕತೆಯನ್ನು ಸೊಸೆಯಂದಿರಿಗೆ ತಾನೇ ಹೇಳಿ ಅತ್ತಳಂತೆ.

ಇವತ್ತಿಗೂ ಆ ಊರಲ್ಲಿ ಜ್ವರ ಬಂದರೆ ಎರಡು ಗಡಿಗೆ ಇಡುತ್ತಾರೆ. ಉಪ್ಪಿನದಕ್ಕೆ ಅಕ್ಕನ ಗಡಿಗೆ ಅನ್ನುತ್ತಾರೆ. ಸಂಕವ್ವನ ಹೆಸರಿಗೆ ಗಡಿಗೆಯಿಲ್ಲ. ಬಚ್ಚಲಲ್ಲಿ ಇರುವೆ ಕಂಡರೆ ಮಾತ್ರ ಯಾರೂ ನೀರು ಸುರಿಯುವುದಿಲ್ಲ. ಕೂತು ನೋಡುತ್ತಾರೆ.